ಕಾರಿನ ಡೋರ್ ಲಾಕ್ ಕೆಟ್ಟರೆ: ಎಲ್ಲಿ ಅಗ್ಗದ ಪಾರ್ಟ್ ಸಾಕು, ಎಲ್ಲಿ ಒರಿಜಿನಲ್ಲೇ ಬೇಕು

ರಿಮೋಟ್ ಒತ್ತಿದರೆ ಮೂರು ಬಾಗಿಲು ಟಕ್ ಅಂತ ಲಾಕ್ ಆಗುತ್ತಿದ್ದವು. ಹಿಂದಿನ ಎಡಬಾಗಿಲು ಮಾತ್ರ ಸುಮ್ನೆ ಇರುತ್ತಿತ್ತು. ನಾನು ಏನನ್ನೂ ಪರೀಕ್ಷೆ ಮಾಡಲಿಲ್ಲ. ಲಾಕ್ ಹೋಗಿದೆ ಅಂತ ತೀರ್ಮಾನಿಸಿದೆ, ಒರಿಜಿನಲ್ ಬೆಲೆ ಕೇಳಿ ಬೆಚ್ಚಿಬಿದ್ದೆ, ಅಗ್ಗದ್ದೊಂದು ತಂದು ಹಾಕಿದೆ. ಬಾಗಿಲು ಲಾಕ್ ಆಯಿತು, ನಾನೂ ಖುಷಿಯಾದೆ. ಎರಡು ತಿಂಗಳ ನಂತರ ಒಂದು ಬೆಳಿಗ್ಗೆ ಬ್ಯಾಟರಿ ಪೂರ್ತಿ ಖಾಲಿ. ಹೊಸ ಲಾಕ್‌ನ ಒಳಗಿದ್ದ ಪುಟ್ಟ ಸ್ವಿಚ್ ಕೆಟ್ಟಿತ್ತು. ಮುಚ್ಚಿದ ಬಾಗಿಲು ತೆರೆದಿದೆ ಅಂತ ಅದು ರಾತ್ರಿಯಿಡೀ ಕಾರಿಗೆ ಸುಳ್ಳು ಹೇಳಿತ್ತು, ಒಳಗಿನ ದೀಪ ಉರಿದೇ ಇತ್ತು.

ಎಸೆಯದೆ ಇಟ್ಟಿದ್ದ ಹಳೆಯ ಲಾಕ್ ಬಿಚ್ಚಿ ನೋಡಿದೆ. ಸವೆದಿದ್ದು ಒಳಗಿನ ಹೆಬ್ಬೆರಳಿನಷ್ಟು ದಪ್ಪದ ಮೋಟಾರ್ ಒಂದೇ. ಉಕ್ಕಿನ ಕೊಕ್ಕೆ, ಸ್ವಿಚ್, ಸ್ಪ್ರಿಂಗ್ ಎಲ್ಲ ಚೆನ್ನಾಗಿದ್ದವು. ಅಂದರೆ ಚೆನ್ನಾಗಿದ್ದ ಐದಾರು ಭಾಗ ತೆಗೆದು, ಅವುಗಳ ಜಾಗಕ್ಕೆ ಕಳಪೆ ಭಾಗ ಹಾಕಿದ್ದೆ.

ಆದ್ದರಿಂದ ಅಗ್ಗದ್ದೋ ಒರಿಜಿನಲ್ಲೋ ಅನ್ನುವ ಪ್ರಶ್ನೆ ಆಮೇಲೆ. ಲಾಕ್‌ನಲ್ಲಿ ಕೆಟ್ಟಿದ್ದು ಯಾವ ತುಂಡು ಅನ್ನುವುದು ಮೊದಲು ಗೊತ್ತಾಗಬೇಕು. ಅದು ಗೊತ್ತಾದರೆ ಅರ್ಧದಷ್ಟು ಸಲ ಪಾರ್ಟ್ ಕೊಳ್ಳುವ ಮಾತೇ ಬರುವುದಿಲ್ಲ.

ಬಾಗಿಲ ಒಳಗೆ ಇರುವುದು ಇಷ್ಟು

ಲಾಕ್ ಅಂತ ನಾವು ಒಂದೇ ಹೆಸರಿನಲ್ಲಿ ಕರೆದರೂ ಒಳಗೆ ನಾಲ್ಕು ಬೇರೆ ಬೇರೆ ಕೆಲಸಗಾರರಿದ್ದಾರೆ. ಒಂದು, ಲಾಚ್. ಬಾಗಿಲ ಅಂಚಿನಲ್ಲಿ ಕಾಣುವ ಉಕ್ಕಿನ ಕೊಕ್ಕೆ ಇದೇ. ಬಾಗಿಲು ಬಂದು ಕೂರುವ ಕಾರಿನ ಚೌಕಟ್ಟಿನ ಕಂಬದಲ್ಲಿರುವ ಬಳೆಯಂಥ ಸ್ಟ್ರೈಕರನ್ನು ಕಚ್ಚಿ ಹಿಡಿಯುತ್ತದೆ. ಎರಡು, ಆಕ್ಚುಯೇಟರ್. 12 ವೋಲ್ಟಿನ ಸಣ್ಣ ಮೋಟಾರ್ ಮತ್ತು ಪ್ಲಾಸ್ಟಿಕ್ ಹಲ್ಲುಗಾಲಿಗಳು. ಇದು ಬಾಗಿಲನ್ನು ಹಿಡಿಯುವುದಿಲ್ಲ, ಹ್ಯಾಂಡಲ್ ಎಳೆದರೆ ಕೊಕ್ಕೆ ಬಿಡಬೇಕೋ ಬೇಡವೋ ಅನ್ನುವ ಲಿವರನ್ನು ಆಚೀಚೆ ತಳ್ಳುತ್ತದೆ ಅಷ್ಟೆ. ಮೂರು, ಮೈಕ್ರೋಸ್ವಿಚ್‌ಗಳು. ಬಾಗಿಲು ಮುಚ್ಚಿದೆಯಾ, ಲಾಕ್ ಆಗಿದೆಯಾ ಅಂತ ಕಾರಿನ ಕಂಟ್ರೋಲ್ ಯೂನಿಟ್‌ಗೆ ಹೇಳುವುದು ಇವೇ. ನಾಲ್ಕು, ಕೀ ಹಾಕುವ ಸಿಲಿಂಡರ್, ಜೊತೆಗೆ ಹ್ಯಾಂಡಲ್‌ನಿಂದ ಬರುವ ಕಡ್ಡಿಗಳು, ಕೇಬಲ್, ಪ್ಲಾಸ್ಟಿಕ್ ಕ್ಲಿಪ್‌ಗಳು.

ಹಳೆಯ ಕಾರುಗಳಲ್ಲಿ ಇವೆಲ್ಲ ಬೇರೆ ಬೇರೆಯಾಗಿ ಸಿಗುತ್ತಿದ್ದವು. ಈಗಿನ ಹೆಚ್ಚಿನ ಕಾರುಗಳಲ್ಲಿ ಮೊದಲ ಮೂರನ್ನೂ ಒಂದೇ ಡಬ್ಬಿಯಲ್ಲಿ ಕೂಡಿಸಿ ಮಾರುತ್ತಾರೆ. ಒಂದು ಸ್ವಿಚ್ ಕೆಟ್ಟರೂ ಇಡೀ ಡಬ್ಬಿಯ ಬೆಲೆ ತೆರಬೇಕಾಗುವುದು ಇದರಿಂದಲೇ.

ಮೊದಲು ಕಿವಿಗೊಟ್ಟು ಕೇಳಿ

ಸ್ಕ್ರೂ ಡ್ರೈವರ್ ಹಿಡಿಯುವ ಮೊದಲು ಐದು ನಿಮಿಷ ಕಾರಿನ ಪಕ್ಕ ನಿಂತು ಗಮನಿಸಿ. ರಿಮೋಟ್‌ನಲ್ಲಿ ಒಮ್ಮೆ, ಕಾರಿನ ಒಳಗಿನ ಲಾಕ್ ಸ್ವಿಚ್‌ನಲ್ಲಿ ಒಮ್ಮೆ, ಕೀಯಲ್ಲಿ ಒಮ್ಮೆ ಲಾಕ್ ಮಾಡಿ ನೋಡಿ.

ರಿಮೋಟ್‌ಗೆ ಏನೂ ಆಗುವುದಿಲ್ಲ, ಒಳಗಿನ ಸ್ವಿಚ್‌ಗೆ ಎಲ್ಲ ಬಾಗಿಲೂ ಆಗುತ್ತವೆ ಅಂದರೆ ಬಾಗಿಲುಗಳ ತಪ್ಪೇನಿಲ್ಲ. ಮೊದಲು ರಿಮೋಟ್‌ನ ಸೆಲ್ ಬದಲಿಸಿ. ಬಹಳಷ್ಟು ರಿಮೋಟ್‌ಗಳಲ್ಲಿ ಇರುವುದು 3 ವೋಲ್ಟಿನ ಸಿಆರ್2032. ಕೆಲವು ವಾರಗಳಿಂದ ಕಾರಿನ ಹತ್ತಿರ ಹೋಗಿ ಒತ್ತಬೇಕಾಗುತ್ತಿತ್ತು ಅಂತಾದರೆ ಸೆಲ್ ಅಂತಲೇ ತಿಳಿಯಿರಿ. ಅದೇ, ರಿಮೋಟ್ ಒತ್ತಿದಾಗ ಕಾರಿನ ಇಂಡಿಕೇಟರ್ ಮಿನುಗುತ್ತದೆ, ಆದರೆ ಲಾಕ್ ಆಗುವುದಿಲ್ಲ ಅಂದರೆ ರಿಮೋಟ್ ಮಾತು ಕಾರಿಗೆ ತಲುಪಿದೆ. ತೊಂದರೆ ಅದರಿಂದ ಮುಂದೆ ಇದೆ.

ಯಾವ ಬಾಗಿಲೂ ಯಾವುದಕ್ಕೂ ಅಲ್ಲಾಡದಿದ್ದರೆ ಫ್ಯೂಸ್ ನೋಡಿ. ಸುಟ್ಟಿದ್ದರೆ ಅಷ್ಟೇ ಆಂಪಿಯರ್‌ನದ್ದು ಹಾಕಿ, ದೊಡ್ಡದು ಬೇಡ. ಹಾಕಿದ ಕೂಡಲೇ ಮತ್ತೆ ಸುಟ್ಟರೆ ಎಲ್ಲೋ ವೈರ್ ಕಾರಿನ ಲೋಹದ ಮೈಗೆ ತಾಗುತ್ತಿದೆ. ನಾಲ್ಕು ಮೋಟಾರ್‌ಗಳು ಒಂದೇ ದಿನ ಸಾಯುವುದಿಲ್ಲ. ಹಾಗಾಗಿ ಈ ಲಕ್ಷಣಕ್ಕೆ ಲಾಕ್ ಕೊಳ್ಳಲು ಹೊರಟರೆ ದುಡ್ಡು ದಂಡ.

ಒಂದೇ ಬಾಗಿಲು ತಕರಾರು ಮಾಡುತ್ತಿದ್ದರೆ ಕಿವಿಯನ್ನು ಅದರ ಅಂಚಿನ ಹತ್ತಿರ ಇಟ್ಟು ಇನ್ನೊಬ್ಬರಿಗೆ ಒತ್ತಲು ಹೇಳಿ. ಗರ್ ಅಂತ ಮೋಟಾರ್ ತಿರುಗುವ ಸದ್ದು ಬಂದು ಲಾಕ್ ಮಾತ್ರ ಆಗದಿದ್ದರೆ ಹಲ್ಲುಗಾಲಿ ಒಡೆದಿದೆ, ಇಲ್ಲವೇ ಮೋಟಾರ್ ಶಾಫ್ಟಿನ ಮೇಲೆ ಜಾರುತ್ತಿದೆ. ನಿಶ್ಶಕ್ತಿಯ ಟಿಕ್ ಸದ್ದು ಬಂದು, ಬಿಸಿಲಿನಲ್ಲಿ ಒಂದು ಥರ, ಚಳಿಯಲ್ಲಿ ಒಂದು ಥರ ಆಡುತ್ತಿದ್ದರೆ ಮೋಟಾರಿನ ಕಾರ್ಬನ್ ಬ್ರಷ್ ಸವೆದಿರಬಹುದು, ಗ್ರೀಸ್ ಗಟ್ಟಿಯಾಗಿರಲೂಬಹುದು. ಸದ್ದೇ ಇಲ್ಲ ಅಂದರೆ ವೈರೋ ಮೋಟಾರೋ ಅನ್ನುವುದು ವೋಲ್ಟ್ ಅಳೆಯುವ ಮೀಟರ್ ಹಿಡಿದ ಮೇಲೇ ಗೊತ್ತಾಗುವುದು.

ಲಾಕ್ ಆದ ಕೂಡಲೇ ಎಲ್ಲವೂ ತಾವಾಗಿಯೇ ಅನ್‌ಲಾಕ್ ಆಗುತ್ತವೆಯಾ? ಹಾಗಾದರೆ ಹೆಚ್ಚಾಗಿ ಒಂದು ಬಾಗಿಲಿನ ಮೈಕ್ರೋಸ್ವಿಚ್ ಸರಿಯಾದ ಸುದ್ದಿ ಕೊಡುತ್ತಿಲ್ಲ. ಬಾಗಿಲು ತೆರೆದಿದೆ ಅನ್ನುವ ದೀಪ ಡ್ಯಾಶ್‌ಬೋರ್ಡಿನಲ್ಲಿ ಆಗಾಗ ಬಂದು ಹೋಗುತ್ತಿದ್ದರೆ ಅನುಮಾನವೇ ಬೇಡ.

ಒಂದು ಎಚ್ಚರಿಕೆ. ಪರೀಕ್ಷೆ ಮಾಡುವ ಉತ್ಸಾಹದಲ್ಲಿ ಇಪ್ಪತ್ತು ಮೂವತ್ತು ಸಲ ಒತ್ತುತ್ತಲೇ ಇರಬೇಡಿ. ಬಹಳಷ್ಟು ಮೋಟಾರ್‌ಗಳ ಒಳಗೆ ಬಿಸಿಯಾದರೆ ಕರೆಂಟ್ ತಡೆಯುವ ಪುಟ್ಟ ರಕ್ಷಣೆ ಇರುತ್ತದೆ. ಬಿಸಿಯಾದ ಮೋಟಾರ್ ಸತ್ತಂತೆ ಮಲಗಿಬಿಡುತ್ತದೆ, ಕೆಲವು ನಿಮಿಷ ತಣ್ಣಗಾದರೆ ಮತ್ತೆ ಎದ್ದು ಕೂರುತ್ತದೆ. ಇದು ಗೊತ್ತಿಲ್ಲದೆ ಚೆನ್ನಾಗಿರುವ ಮೋಟಾರನ್ನು ಎಸೆದವರಿದ್ದಾರೆ.

ಬಾಗಿಲು ಮುಚ್ಚುತ್ತಿಲ್ಲ, ತೆರೆಯುತ್ತಿಲ್ಲ

ಬಾಗಿಲು ಮುಚ್ಚಿದರೆ ಢಬ್ ಅಂತ ಬಡಿದು ವಾಪಸ್ ಬರುತ್ತಿದ್ದರೆ ಬಲ ಹಾಕಬೇಡಿ. ಬಾಗಿ ಲಾಚ್ ನೋಡಿ. ಬಾಗಿಲು ತೆರೆದಿದ್ದರೂ ಕೊಕ್ಕೆ ಮುಚ್ಚಿದ ಸ್ಥಿತಿಯಲ್ಲಿ ಇರುತ್ತದೆ. ಹೊರಗಿನ ಹ್ಯಾಂಡಲ್ ಎಳೆದು ಹಿಡಿಯಿರಿ, ಕೊಕ್ಕೆ ತೆರೆದುಕೊಳ್ಳಬೇಕು. ನಿಧಾನವಾಗಿ ತೆರೆದರೆ ಹಳೆಯ ಗ್ರೀಸ್ ಮತ್ತು ಧೂಳು ಸೇರಿ ಅಂಟಾಗಿದೆ ಅಂತ ಅರ್ಥ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಒರೆಸಿ, ಆಮೇಲೆ ಬಿಳಿ ಲಿಥಿಯಂ ಗ್ರೀಸ್ ಹಚ್ಚಿ. ಸ್ಪ್ರೇ ಹೊಡೆದು ಅಷ್ಟಕ್ಕೇ ಬಿಟ್ಟರೆ ಇದ್ದ ಗ್ರೀಸೂ ತೊಳೆದುಹೋಗಿ ಕೆಲವು ವಾರಕ್ಕೆ ಅದೇ ರಾಗ. ಕೀ ಸಿಲಿಂಡರ್‌ಗೆ ಮಾತ್ರ ಗ್ರೀಸ್, ಎಣ್ಣೆ ಎರಡೂ ಬೇಡ. ಧೂಳು ಹಿಡಿಯುತ್ತದೆ. ಗ್ರಾಫೈಟ್ ಪುಡಿಯಂಥ ಒಣ ಲೂಬ್ರಿಕೆಂಟ್ ಸಾಕು.

ಮುಚ್ಚಿದ ಬಾಗಿಲು ತೆರೆಯದಿದ್ದರೆ, ಹಿಂದಿನ ಬಾಗಿಲಾದರೆ, ಮೊದಲು ಚೈಲ್ಡ್ ಲಾಕ್ ನೆನಪಿಸಿಕೊಳ್ಳಿ. ಹೊರಗಿನಿಂದ ತೆರೆಯುತ್ತದೆ, ಒಳಗಿನಿಂದ ಇಲ್ಲ ಅಂದರೆ ಅದೇ. ನಗಬೇಡಿ, ಇದಕ್ಕೇ ಬಾಗಿಲ ಒಳಬದಿಯ ಹೊದಿಕೆಯಾದ ಡೋರ್ ಪ್ಯಾಡ್ ಬಿಚ್ಚಿದವರನ್ನು ನೋಡಿದ್ದೇನೆ. ಎರಡೂ ಕಡೆಯಿಂದ ತೆರೆಯದಿದ್ದರೆ ಬಾಗಿಲನ್ನು ಸೊಂಟದಿಂದ ಒಳಕ್ಕೆ ಒತ್ತಿಕೊಂಡು ಹ್ಯಾಂಡಲ್ ಎಳೆಯಿರಿ. ರಬ್ಬರ್ ಬೀಡಿಂಗ್ ಬಾಗಿಲನ್ನು ಹೊರಕ್ಕೆ ತಳ್ಳುತ್ತಿರುವ ಒತ್ತಡ ಕೊಕ್ಕೆಯ ಮೇಲೆ ಕಡಿಮೆಯಾಗಿ ಕೆಲವೊಮ್ಮೆ ಬಿಟ್ಟುಬಿಡುತ್ತದೆ. ಹ್ಯಾಂಡಲ್ ಸಡಿಲವಾಗಿ, ಬಲವೇ ಬೇಡದೆ ಬಂದರೆ ಒಳಗೆ ಕಡ್ಡಿಯ ಕ್ಲಿಪ್ ಕಳಚಿದೆ ಅಥವಾ ಕೇಬಲ್ ತುಂಡಾಗಿದೆ. ಲಾಕ್ ಸರಿಯಾಗೇ ಇದೆ.

ಜೋರಾಗಿ ಹಾಕಿದರೆ ಮಾತ್ರ ಮುಚ್ಚುವ ಬಾಗಿಲಿಗೂ ಲಾಕ್ ಬದಲಿಸುವುದು ಪರಿಹಾರವಲ್ಲ. ಬಾಗಿಲು ಅರ್ಧ ತೆರೆದು ಅಂಚು ಹಿಡಿದು ಮೇಲಕ್ಕೆ ಎತ್ತಿ ನೋಡಿ. ಆಟವಿದ್ದರೆ ಹಿಂಜ್ ಸವೆದಿದೆ. ಆಟವಿಲ್ಲದೆ ಸ್ಟ್ರೈಕರ್ ಒಂದೇ ಕಡೆ ಉಜ್ಜಿ ಹೊಳೆಯುತ್ತಿದ್ದರೆ ಅದರ ಸ್ಕ್ರೂ ಸಡಿಲಿಸಿ ಕೂದಲೆಳೆಯಷ್ಟು ಸರಿಸಬೇಕು. ಸಡಿಲಿಸುವ ಮೊದಲು ಸುತ್ತ ಪೆನ್ಸಿಲ್ ಗೆರೆ ಎಳೆಯಿರಿ. ಇಲ್ಲದಿದ್ದರೆ ಮೊದಲಿನ ಜಾಗ ಹುಡುಕುವುದರಲ್ಲೇ ಸಂಜೆಯಾಗುತ್ತದೆ.

ಬಾಗಿಲಿಗೂ ಕಂಬಕ್ಕೂ ನಡುವಿನ ರಬ್ಬರ್ ಕೊಳವೆ

ಒಂದೇ ಬಾಗಿಲು ಕೆಲಸ ನಿಲ್ಲಿಸಿದಾಗ ನಾನೀಗ ಮೊದಲು ನೋಡುವ ಜಾಗ ಇದು. ಬಾಗಿಲ ಹಿಂಜ್‌ಗಳ ನಡುವೆ ಸುಕ್ಕುಸುಕ್ಕಾದ ರಬ್ಬರ್ ಕೊಳವೆಯೊಂದು ಇರುತ್ತದಲ್ಲ, ಎಲ್ಲ ವೈರ್‌ಗಳೂ ಅದರ ಒಳಗಿನಿಂದಲೇ ಬಾಗಿಲಿಗೆ ಹೋಗುತ್ತವೆ. ಬಾಗಿಲು ತೆರೆದು ಮುಚ್ಚಿದಾಗಲೆಲ್ಲ ಅವು ಬಾಗುತ್ತವೆ. ವರ್ಷಗಟ್ಟಲೆ ಬಾಗಿ ಬಾಗಿ ಒಳಗಿನ ತಾಮ್ರ ತುಂಡಾಗುತ್ತದೆ. ಹೊರಗಿನ ಪ್ಲಾಸ್ಟಿಕ್ ಸಿಪ್ಪೆ ಹಾಗೇ ಇರುವುದರಿಂದ ಕಣ್ಣಿಗೆ ಏನೂ ಕಾಣುವುದಿಲ್ಲ. ಹೆಚ್ಚು ಸಲ ತೆರೆಯುವ ಡ್ರೈವರ್ ಬಾಗಿಲಿನಲ್ಲಿ ಇದು ಜಾಸ್ತಿ.

ಗುರುತು ಹಿಡಿಯುವುದು ಸುಲಭ. ಅದೇ ಬಾಗಿಲಿನ ಪವರ್ ವಿಂಡೋ ಅಥವಾ ಸ್ಪೀಕರ್ ಕೂಡ ಆಗಾಗ ಕೈಕೊಡುತ್ತಿದ್ದರೆ ಕೊಳವೆಯ ಮೇಲೆಯೇ ಅನುಮಾನ ಪಡಿ. ಬಾಗಿಲನ್ನು ಬೇರೆ ಬೇರೆ ಕೋನದಲ್ಲಿ ಹಿಡಿದು, ಕೊಳವೆ ಅಲ್ಲಾಡಿಸುತ್ತಾ, ಒಬ್ಬರಿಗೆ ಲಾಕ್ ಒತ್ತಲು ಹೇಳಿ. ಒಮ್ಮೆಯಾದರೂ ಲಾಕ್ ಆದರೆ ಕಳ್ಳ ಸಿಕ್ಕ. ಆಮೇಲೆ ಬ್ಯಾಟರಿ ಕಳಚಿ, ಕೊಳವೆಯ ಒಂದು ತುದಿ ಬಿಡಿಸಿ ಹಿಂದಕ್ಕೆ ಸರಿಸಿ, ಒಂದೊಂದೇ ವೈರನ್ನು ಮೆಲ್ಲಗೆ ಎಳೆಯಿರಿ. ತಾಮ್ರ ತುಂಡಾದ ಕಡೆ ಸಿಪ್ಪೆ ರಬ್ಬರಿನಂತೆ ಹಿಗ್ಗುತ್ತದೆ.

ಜೋಡಿಸುವಾಗ ಅದೇ ಜಾಗದಲ್ಲಿ ಬೆಸುಗೆ ಹಾಕಬೇಡಿ. ಬೆಸುಗೆ ಹಾಕಿದ ವೈರ್ ಗಟ್ಟಿಯಾಗುತ್ತದೆ, ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಎಳೆಗಳು ಸಣ್ಣಗಿರುವ, ಸಿಲಿಕೋನ್ ಹೊದಿಕೆಯ ಮೆದು ವೈರಿನ ಒಂದು ಉದ್ದ ತುಂಡು ಹಾಕಿ, ಜಾಯಿಂಟ್‌ಗಳು ಕೊಳವೆಯ ಎರಡೂ ಕಡೆ, ಬಾಗದ ಜಾಗದಲ್ಲಿ ಬರುವಂತೆ ನೋಡಿಕೊಳ್ಳಿ. ಈ ರಿಪೇರಿಗೆ ತಗಲುವುದು ಒಂದಿಷ್ಟು ವೈರ್ ಮತ್ತು ಅರ್ಧ ದಿನದ ತಾಳ್ಮೆ.

ಮೀಟರ್ ಏನು ಹೇಳುತ್ತದೆ

ಕೊಳವೆ ಸರಿಯಿದ್ದರೆ ಡೋರ್ ಪ್ಯಾಡ್ ತೆಗೆಯಬೇಕು. ಬಾಗಿಲಿನಲ್ಲಿ ಏರ್‌ಬ್ಯಾಗ್‌ಗೆ ಸುದ್ದಿ ಕೊಡುವ ಅಪಘಾತದ ಸೆನ್ಸರ್ ಇರುವ ಕಾರುಗಳಿವೆ. ಆದ್ದರಿಂದ ಮೊದಲು ಬ್ಯಾಟರಿ ಕಳಚಿ, ಕೆಲವು ನಿಮಿಷ ಬಿಟ್ಟು ಕೆಲಸ ಶುರು ಮಾಡಿ. ಪರೀಕ್ಷೆಗೆ ಬ್ಯಾಟರಿ ಮತ್ತೆ ಜೋಡಿಸುವಾಗ ಬಿಚ್ಚಿದ ಕನೆಕ್ಟರ್‌ಗಳೆಲ್ಲ ವಾಪಸ್ ಕೂತಿರಲಿ.

ಮೋಟಾರಿಗೆ ಹೋಗುವುದು ಎರಡು ವೈರ್. ಲಾಕ್ ಮಾಡುವಾಗ ಒಂದು ಕಡೆ ಪ್ಲಸ್, ಅನ್‌ಲಾಕ್ ಮಾಡುವಾಗ ಅದು ತಿರುಗಾಮುರುಗಾ. ಅದೂ ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು. ಸಾಮಾನ್ಯ ಡಿಜಿಟಲ್ ಮೀಟರ್ ಇಷ್ಟು ಚುರುಕಾಗಿರುವುದಿಲ್ಲ, ಅಂಕಿ ಕಾಣುವ ಮೊದಲೇ ಕರೆಂಟ್ ಹೋಗಿರುತ್ತದೆ. ನನಗೆ ಮೀಟರಿಗಿಂತ 12 ವೋಲ್ಟಿನ 5 ವ್ಯಾಟ್ ಬಲ್ಬೇ ಇಷ್ಟ. ಮೋಟಾರಿನ ಎರಡು ವೈರ್‌ಗಳಿಗೆ ಸೇರಿಸಿ ಲಾಕ್ ಒತ್ತಿ. ಬಲ್ಬ್ ಚೆನ್ನಾಗಿ ಮಿಂಚಿ, ಮೋಟಾರ್ ಸುಮ್ಮನಿದ್ದರೆ ಮೋಟಾರ್ ಸತ್ತಿದೆ. ಬಲ್ಬೂ ಮಿಂಚದಿದ್ದರೆ ಲಾಕ್ ಮೇಲೆ ತಪ್ಪು ಹೊರಿಸಬೇಡಿ, ವೈರ್ ಹಿಡಿದು ಹಿಂದಕ್ಕೆ ಹೋಗಿ.

ಬಲ್ಬಿನ ಇನ್ನೊಂದು ಲಾಭವಿದೆ. ಹತ್ತು ಎಳೆಯಲ್ಲಿ ಒಂಬತ್ತು ತುಂಡಾದ ವೈರಿನಲ್ಲೂ ಮೀಟರ್ 12 ವೋಲ್ಟ್ ತೋರಿಸುತ್ತದೆ, ಯಾಕೆಂದರೆ ಮೀಟರ್ ಕರೆಂಟ್ ಎಳೆಯುವುದೇ ಇಲ್ಲ ಅನ್ನಬಹುದು. ಮೋಟಾರಿಗೆ ಆ ಒಂದು ಎಳೆ ಸಾಲುವುದಿಲ್ಲ. ಮೋಟಾರನ್ನೂ ಜೋಡಿಸಿಟ್ಟುಕೊಂಡೇ ಪರೀಕ್ಷೆ ಮಾಡಿದರೆ ಇಂಥ ಕಡೆ ಬಲ್ಬ್ ಮಂಕಾಗಿ ನಿಜ ಹೇಳುತ್ತದೆ.

ಮೋಟಾರಿಗೆ ನೇರ ಬ್ಯಾಟರಿ ಕೊಟ್ಟು ನೋಡುವುದಾದರೆ ನಡುವೆ ಫ್ಯೂಸ್ ಇರಲಿ, ಅರ್ಧ ಸೆಕೆಂಡ್ ತಾಗಿಸಿ ತೆಗೆಯಿರಿ. ಮತ್ತು ಅದು ಮೋಟಾರಿನ ಪಿನ್ನೇ ಅಂತ ಖಾತ್ರಿ ಮಾಡಿಕೊಳ್ಳಿ. ಮೈಕ್ರೋಸ್ವಿಚ್ ಪಿನ್‌ಗಳಿಗೆ ಬ್ಯಾಟರಿ ತಾಗಿಸಿದರೆ ಚೆನ್ನಾಗಿದ್ದ ಸ್ವಿಚ್ ಸುಡಬಹುದು. ಸ್ವಿಚ್ ಪರೀಕ್ಷೆಗೆ, ಎರಡು ಪಿನ್ ಒಳಗೆ ಕೂಡಿದ್ದರೆ ಸದ್ದು ಮಾಡುವ ಮೀಟರಿನ ಬೀಪ್ ಸಾಕು. ಸ್ಕ್ರೂ ಡ್ರೈವರಿನಿಂದ ಕೊಕ್ಕೆ ಮುಚ್ಚಿ ತೆರೆದಾಗ ಬೀಪ್ ಬಂದು ಹೋಗಬೇಕು. ತಡವರಿಸಿದರೆ ಸ್ವಿಚ್ ಹೋಗಿದೆ.

ಈಗ ಕೊಳ್ಳುವ ಮಾತು

ನನ್ನ ಲೆಕ್ಕ ಇಷ್ಟು: ಬಾಗಿಲನ್ನು ಹಿಡಿದಿಡುವ ಭಾಗ ಒರಿಜಿನಲ್ ಆಗಿರಬೇಕು. ಸುದ್ದಿ ಹೇಳುವ ಭಾಗವೂ ಒರಿಜಿನಲ್ ಆದರೆ ಒಳ್ಳೆಯದು. ಬರೀ ತಳ್ಳುವ, ಎಳೆಯುವ ಭಾಗ ಅಗ್ಗದ್ದಾದರೂ ನಡೆಯುತ್ತದೆ.

ಲಾಚ್ ಬಗ್ಗೆ ಇಷ್ಟು ಹಟ ಯಾಕೆ ಅಂದರೆ, ವಿಶ್ವಸಂಸ್ಥೆಯ ಜಾಗತಿಕ ವಾಹನ ತಾಂತ್ರಿಕ ನಿಯಮಗಳಲ್ಲಿ ಮೊಟ್ಟಮೊದಲನೆಯದು, 2004ರಲ್ಲಿ ಬಂದದ್ದು, ಬಾಗಿಲ ಲಾಕ್ ಮತ್ತು ಬಾಗಿಲನ್ನು ಹಿಡಿದಿಡುವ ಭಾಗಗಳ ಬಗ್ಗೆಯೇ ಇದೆ. ಪೂರ್ತಿ ಕಚ್ಚಿದ ಲಾಚ್ 11,000 ನ್ಯೂಟನ್ ಎಳೆತ ತಡೆಯಬೇಕು ಅನ್ನುತ್ತದೆ ಅದು. ಹೆಚ್ಚುಕಡಿಮೆ 1,100 ಕಿಲೋ ನೇತುಹಾಕಿದಂತೆ. ಅರ್ಧ ಕಚ್ಚಿದ ಸ್ಥಿತಿಯಲ್ಲೂ 4,500 ನ್ಯೂಟನ್ ತಡೆಯಬೇಕು. ಅಪಘಾತದಲ್ಲಿ ಬಾಗಿಲು ತೆರೆದುಕೊಂಡು ಒಳಗಿದ್ದವರು ಹೊರಗೆ ಬೀಳಬಾರದು ಅನ್ನುವುದಕ್ಕೆ ಈ ಲೆಕ್ಕ. ಹೆಸರಿಲ್ಲದ ಡಬ್ಬಿಯಲ್ಲಿ ಬಂದ ಕೊಕ್ಕೆ ಎಷ್ಟು ತಡೆಯುತ್ತದೆ ಅಂತ ಮನೆಯಲ್ಲಿ ಪರೀಕ್ಷೆ ಮಾಡಲು ಆಗುವುದಿಲ್ಲ. ದಿನನಿತ್ಯದ ಓಡಾಟದಲ್ಲಿ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ವ್ಯತ್ಯಾಸವೇ ಕಾಣುವುದಿಲ್ಲ, ಅದೇ ಅಪಾಯ.

ಒರಿಜಿನಲ್ ಅಂದರೆ ಕಾರ್ ಕಂಪನಿಯ ಮುದ್ರೆಯ ಡಬ್ಬಿಯೇ ಆಗಬೇಕೆಂದಿಲ್ಲ. ಲಾಕ್‌ಗಳನ್ನು ಬಹುತೇಕ ಕಾರ್ ಕಂಪನಿಗಳು ತಾವೇ ಮಾಡುವುದಿಲ್ಲ. ಬೇರೆ ಕಂಪನಿಗಳು ಮಾಡಿ ಕೊಡುತ್ತವೆ. ನಿಮ್ಮ ಹಳೆಯ ಲಾಚ್ ಮೇಲೆ ಆ ತಯಾರಕರ ಗುರುತು ಅಚ್ಚಾಗಿರುತ್ತದೆ. ಅದೇ ತಯಾರಕರು ತಮ್ಮ ಹೆಸರಿನಲ್ಲೇ ಮಾರುವ ಪಾರ್ಟ್ ಸಿಕ್ಕರೆ ವಸ್ತು ಒಂದೇ, ಬೆಲೆ ಕಡಿಮೆ. ಇನ್ನೊಂದು ದಾರಿ ಗುಜರಿಗೆ ಹೋದ ಕಾರಿನಿಂದ ತೆಗೆದ ಒರಿಜಿನಲ್. ಆ ಬಾಗಿಲಿಗೆ ಪೆಟ್ಟು ಬಿದ್ದಿರದಿದ್ದರೆ, ಹೊಸ ಡೂಪ್ಲಿಕೇಟ್‌ಗಿಂತ ಹಳೆಯ ಒರಿಜಿನಲ್ ಮೇಲು ಅನ್ನುವವನು ನಾನು. ಅದರಲ್ಲೂ ನಿಮಗೆ ಬೇಕಾದದ್ದು ಹಿಂದಿನ ಬಾಗಿಲಿನದಾದರೆ ಅದು ಸಾಮಾನ್ಯವಾಗಿ ಕಡಿಮೆ ಬಳಕೆಯಾಗಿರುತ್ತದೆ.

ಮೋಟಾರ್ ಮಾತ್ರ ಸತ್ತಿದ್ದರೆ ನಿಜವಾದ ಉಳಿತಾಯ ಇಲ್ಲಿದೆ. ಒರಿಜಿನಲ್ ಲಾಚ್ ಹಾಗೇ ಇಟ್ಟುಕೊಂಡು ಪ್ಲಾಸ್ಟಿಕ್ ಮುಚ್ಚಳ ತೆರೆದು ಮೋಟಾರ್ ಒಂದನ್ನೇ ಬದಲಿಸಬಹುದು. ಬಹಳ ಲಾಕ್‌ಗಳಲ್ಲಿ ಎಫ್‌ಸಿ-280 ಅನ್ನುವ ಮಾದರಿಯ ಮೋಟಾರ್ ಇರುತ್ತದೆ, ಬಿಡಿಯಾಗಿ ಸಿಗುತ್ತದೆ. ಕೊಳ್ಳುವಾಗ ಶಾಫ್ಟಿನ ಉದ್ದ ಮತ್ತು ಅದು ಪೂರ್ತಿ ದುಂಡಗಿದೆಯೋ ಒಂದು ಕಡೆ ಚಪ್ಪಟೆ ಇದೆಯೋ ಅಂತ ಹಳೆಯದರ ಜೊತೆ ಹೋಲಿಸಿ ನೋಡಿ. ಮುಚ್ಚಳ ತೆರೆಯುವಾಗ ಸಣ್ಣ ಸ್ಪ್ರಿಂಗ್ ಹಾರಿ ಹೋಗುತ್ತದೆ. ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ. ನಾನು ತೆಗೆದಿರಲಿಲ್ಲ, ಒಂದು ಹಲ್ಲುಗಾಲಿಯನ್ನು ಉಲ್ಟಾ ಕೂರಿಸಿ ಮೂರು ಸಲ ಬಿಚ್ಚಿದೆ. ಕೊನೆಗೆ ಬಾಗಿಲಿಗೆ ಮರಳಿದ್ದು ಆ ಹಳೆಯ ಲಾಚೇ.

ಎಲ್ಲ ಬಾಗಿಲಿಗೂ ಹೊಂದುತ್ತದೆ ಅಂತ ಮಾರುವ ಯೂನಿವರ್ಸಲ್ ಆಕ್ಚುಯೇಟರ್ ಬಗ್ಗೆ ಅನೇಕರು ಮೂಗು ಮುರಿಯುತ್ತಾರೆ. ಹಳೆಯ ಕಾರಿಗೆ ಅದು ಸರಿಯಾದ ವಸ್ತುವೇ. ಅದು ಲಾಚನ್ನು ಮುಟ್ಟುವುದಿಲ್ಲ, ಕಡ್ಡಿಯನ್ನು ಎಳೆದು ತಳ್ಳುತ್ತದೆ ಅಷ್ಟೆ. ಸಾಮಾನ್ಯವಾಗಿ ಡ್ರೈವರ್ ಬಾಗಿಲಿಗೆ ಐದು ವೈರಿನದು, ಉಳಿದವಕ್ಕೆ ಎರಡು ವೈರಿನದು ಬರುತ್ತದೆ. ಆದರೆ ಲಾಚ್ ಒಳಗೇ ಮೋಟಾರ್ ಮತ್ತು ಸ್ವಿಚ್ ಇರುವ ಹೊಸ ಕಾರಿಗೆ ಅದನ್ನು ಒಗ್ಗಿಸಲು ಹೋಗಬೇಡಿ.

ಕ್ಲಿಪ್, ರಬ್ಬರ್ ಕೊಳವೆ, ರಿಮೋಟ್‌ನ ಹೊರ ಕವಚ ಇವುಗಳಿಗೆ ಅಗ್ಗದ್ದೇ ಸಾಕು.

ಕೀ ಸಿಲಿಂಡರ್ ಬೇರೆಯದೇ ಕಥೆ. ಅಗ್ಗದ ಸೆಟ್ ಜೊತೆ ಹೊಸ ಕೀ ಬರುತ್ತದೆ. ಆಮೇಲೆ ಬಾಗಿಲಿಗೊಂದು, ಇಗ್ನಿಷನ್‌ಗೊಂದು ಕೀ ಹೊತ್ತು ತಿರುಗಬೇಕು. ಆ ಹೊಸ ಕೀಯಲ್ಲಿ ಎಂಜಿನ್ ಶುರುವಾಗಲು ಒಪ್ಪಿಗೆ ಕೊಡುವ ಇಮ್ಮೊಬಿಲೈಸರ್ ಚಿಪ್ ಇರುವುದಿಲ್ಲ, ಬಾಗಿಲು ತೆರೆದರೂ ಎಂಜಿನ್ ಶುರುವಾಗದು. ಹಳೆಯ ಸಿಲಿಂಡರಿನ ಒಳಗಿನ ತೆಳು ಪಟ್ಟಿಗಳನ್ನು ಹೊಸದಕ್ಕೆ ಬದಲಾಯಿಸಿ ಹಳೆಯ ಕೀಯನ್ನೇ ಉಳಿಸಿಕೊಳ್ಳಬಹುದು, ಕೀ ಕೆಲಸ ಗೊತ್ತಿರುವವರಿಂದ ಮಾಡಿಸಿ.

ಕೈಯಲ್ಲಿ ಹಿಡಿದು ನೋಡುವಾಗ

ಹಳೆಯದನ್ನು ಬಿಚ್ಚಿ ಜೊತೆಗೆ ಒಯ್ಯಿರಿ. ಎಡ ಬಲ, ಮುಂದೆ ಹಿಂದೆ ಎಲ್ಲವೂ ಬೇರೆ ಬೇರೆ. ಸ್ಟೀರಿಂಗ್ ಬಲಕ್ಕಿರುವ ಕಾರಿನ ಮುಂದಿನ ಬಲ ಲಾಚ್, ಎಡಕ್ಕಿರುವ ಕಾರಿನದಕ್ಕೆ ಸಮ ಅಲ್ಲ. ಪಾರ್ಟ್ ನಂಬರನ್ನು ಕೊನೆಯ ಅಕ್ಷರದವರೆಗೂ ಹೋಲಿಸಿ. ಪಿನ್ ಎಷ್ಟಿವೆ ಎಣಿಸಿ. ಕನೆಕ್ಟರ್ ಕೂತ ಮಾತ್ರಕ್ಕೆ ಒಳಗಿರುವುದೆಲ್ಲ ಒಂದೇ ಅಂತಲ್ಲ. ಕೆಲವು ಕಾರುಗಳಲ್ಲಿ ಡೆಡ್‌ಲಾಕ್‌ಗೆ, ಅಂದರೆ ಒಳ ಹ್ಯಾಂಡಲ್‌ನಿಂದಲೂ ಬಾಗಿಲು ತೆರೆಯದಂತೆ ಮಾಡುವ ಲಾಕ್‌ಗೆ, ಎರಡನೆಯ ಮೋಟಾರ್ ಇರುತ್ತದೆ, ಅಗ್ಗದ ನಕಲಿನಲ್ಲಿ ಅದನ್ನು ಬಿಟ್ಟಿರಬಹುದು.

ಆಮೇಲೆ ಕೊಕ್ಕೆಯನ್ನು ಸ್ಕ್ರೂ ಡ್ರೈವರಿನಿಂದ ನಿಧಾನವಾಗಿ ಒತ್ತಿ. ಎರಡು ಟಕ್ ಕೇಳಬೇಕು, ಅರ್ಧಕ್ಕೊಂದು, ಪೂರ್ತಿಗೊಂದು. ಲಿವರ್ ಎಳೆದರೆ ಚಟ್ಟನೆ ಬಿಡಬೇಕು. ಈಗಿನ ಹೆಚ್ಚಿನ ಒರಿಜಿನಲ್ ಕೊಕ್ಕೆಗಳಿಗೆ ಸದ್ದು ಬಾರದಿರಲಿ ಅಂತ ಪ್ಲಾಸ್ಟಿಕ್ ಹೊದಿಕೆ ಇರುತ್ತದೆ. ನಿಮ್ಮ ಹಳೆಯದಕ್ಕೆ ಅದು ಇದ್ದು, ಹೊಸದರಲ್ಲಿ ಬರೀ ಲೋಹ ಕಂಡರೆ ವಾಪಸ್ ಇಡಿ. ಡಬ್ಬಿಯ ಮೇಲೆ ಮುದ್ರೆ ಚೆನ್ನಾಗಿದ್ದು ಪಾರ್ಟ್ ಮೇಲೆ ನಂಬರೂ ಇಲ್ಲ, ಅಚ್ಚಿನ ಗುರುತೂ ಇಲ್ಲ ಅಂದರೆ ಅದು ಒರಿಜಿನಲ್ ಬೆಲೆಯ ಡೂಪ್ಲಿಕೇಟ್. ಎಲ್ಲಕ್ಕಿಂತ ಕೆಟ್ಟ ವ್ಯಾಪಾರ ಇದೇ.

ಹಾಕಿದ ಮೇಲೆ

ಡೋರ್ ಪ್ಯಾಡ್ ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹರಿದು ಎಸೆಯಬೇಡಿ. ಮಳೆನೀರು ಕಾರಿನೊಳಗೆ ಬರದಂತೆ ತಡೆಯುವುದು ಅದೇ. ಬಾಗಿಲ ಒಳಗಿನ ಗಾಳಿಯ ಒತ್ತಡ ನೋಡಿ ಸೈಡ್ ಏರ್‌ಬ್ಯಾಗ್ ತೆರೆಯುವ ಕಾರುಗಳಲ್ಲಂತೂ ಆ ಹಾಳೆ ಸರಿಯಾಗಿ ಅಂಟಿರಲೇಬೇಕು.

ಪ್ಯಾಡ್ ಕೂರಿಸುವ ಮೊದಲೇ, ಬಾಗಿಲು ತೆರೆದಿಟ್ಟುಕೊಂಡು, ಕೊಕ್ಕೆಯನ್ನು ಸ್ಕ್ರೂ ಡ್ರೈವರಿನಿಂದ ಮುಚ್ಚಿ ಎಲ್ಲ ಪರೀಕ್ಷೆ ಮಾಡಿ. ಒಳ ಹ್ಯಾಂಡಲ್, ಹೊರ ಹ್ಯಾಂಡಲ್, ಚೈಲ್ಡ್ ಲಾಕ್, ರಿಮೋಟ್, ಕೀ. ಪ್ರತಿಯೊಂದೂ ತನ್ನ ಕೆಲಸ ಮಾಡಿ, ಅನ್‌ಲಾಕ್ ಆದಾಗ ಹ್ಯಾಂಡಲ್ ಎಳೆದರೆ ಕೊಕ್ಕೆ ಬಿಡುತ್ತದೆ ಅಂತ ನೋಡಿದ ಮೇಲಷ್ಟೇ ಬಾಗಿಲು ಮುಚ್ಚಿ. ಒಂದು ಕಡ್ಡಿ ತಪ್ಪಿ ಕೂತಿದ್ದು ಬಾಗಿಲು ಮುಚ್ಚಿಬಿಟ್ಟರೆ, ಒಳಗೆ ಕೈ ಹೋಗುವ ದಾರಿಯೇ ಇರುವುದಿಲ್ಲ. ಮೊದಲ ಸಲ ಲಾಕ್ ಮಾಡುವಾಗ ಕಿಟಕಿ ಕೆಳಗಿರಲಿ, ಕೀ ನಿಮ್ಮ ಜೇಬಿನಲ್ಲಿರಲಿ. ಆಮೇಲೆ ಹೊರಗೆ ನಿಂತು ಒಳಗಿನ ದೀಪ ಆರುವವರೆಗೂ ಕಾಯಿರಿ.